ಟಚ್‌ಲೈನಿನಿಂದ ಕೇಳಿದ ಕೂಗು

ಮಕ್ಕಳಿಗೆ ರಗ್ಬಿ ಕಲಿಸುವ ನಾಲ್ಕು ಜನ ಕೋಚ್‌ಗಳು ಒಂದೆಡೆ ಸೇರಿದರೆ ಮಾತು ಬಹುಬೇಗ ಪೋಷಕರ ಕಡೆಗೆ ಹೊರಳುತ್ತದೆ, ಮತ್ತು ಆ ಮಾತಿನಲ್ಲಿ ಬಹುಪಾಲು ದೂರೇ ಇರುತ್ತದೆ. ನನ್ನ ದೂರುಗಳ ಪಟ್ಟಿಯಲ್ಲಿ ಮೊದಲು ಬರುತ್ತಿದ್ದವರು, 16 ವರ್ಷದೊಳಗಿನವರ ನಮ್ಮ ತಂಡದ ಹುಕರ್‌ನ, ಅಂದರೆ ಮುಂಚೂಣಿಯ ನಡುವಿನ ಆಟಗಾರನ, ತಂದೆ. ಮೊದಲ ಸೀಟಿಯಿಂದ ಕೊನೆಯ ಸೀಟಿಯವರೆಗೆ ಅವರ ಧ್ವನಿ ನಿಲ್ಲುತ್ತಿರಲಿಲ್ಲ. ಚೆಂಡು ಹಿಡಿದು ಓಡುವವನನ್ನು ತಬ್ಬಿ ಕೆಡವುವ ಟ್ಯಾಕಲ್‌ಗೆಂದು ಮಗ ಬಾಗುವ ಹೊತ್ತಿಗೇ "ಹಿಡಿ, ಬಿಡಬೇಡ!" ಎಂದು ಕೂಗುವರು, ಹುಡುಗ ಆ ಧ್ವನಿಗೆ ಮೈ ನೆಟ್ಟಗೆ ಮಾಡಿಬಿಡುವನು, ತೋಳು ಎದುರಾಳಿಯ ಭುಜದ ಮಟ್ಟಕ್ಕಿಂತ ಮೇಲೆ ಹೋಗಿ ಪೆನಾಲ್ಟಿ ಆಗುವುದು. ವಾರವೆಲ್ಲ ಟ್ಯಾಕಲ್ ಬ್ಯಾಗ್ ಮುಂದೆ ಬಾಗಿಸಿ ಬಾಗಿಸಿ ಕಲಿಸಿದ್ದು ಒಂದು ಕೂಗಿಗೆ ನೀರುಪಾಲಾಗುತ್ತಿತ್ತು. ಹೀಗಾಗಿ ಅವರ ಮಾತನ್ನು ಕಿವಿಯ ಮೇಲೆ ಹಾಕಿಕೊಳ್ಳದಿರುವುದನ್ನು ನಾನು ಅಭ್ಯಾಸ ಮಾಡಿಕೊಂಡಿದ್ದೆ.

ಒಂದು ಪಂದ್ಯದ ದ್ವಿತೀಯಾರ್ಧದಲ್ಲಿ ಎದುರಾಳಿಗಳು ನಮ್ಮ ಗೋಲ್‌ಗೆರೆಯ ಬಳಿಯ 22 ಮೀಟರ್ ವಲಯದೊಳಗೆ, ನೆಲದ ಚೆಂಡನ್ನು ಎತ್ತಿಕೊಂಡು ನೇರ ನುಗ್ಗುವ ಪಿಕ್ ಆ್ಯಂಡ್ ಗೋ ಮಾಡುತ್ತಾ ಒತ್ತುತ್ತಿದ್ದರು. ನಮ್ಮ ಹುಕರ್ ಒಬ್ಬನನ್ನು ಕೆಡವಿದ, ಆದರೆ ತಲೆಯನ್ನು ಹಿಂಬದಿಗೆ ಇಡುವ ಬದಲು ಓಡಿಬರುವವನ ಎದುರಿಗೆ ಇಟ್ಟಿದ್ದ. ಸೊಂಟದ ಎಲುಬು ಅವನ ಕಪಾಲಕ್ಕೆ ತಾಗಿತ್ತು ಎಂಬುದು ನನಗೆ ಆಮೇಲೆ ಗೊತ್ತಾದ ವಿಷಯ. ಆ ಗಳಿಗೆಯಲ್ಲಿ ನನ್ನ ಕಣ್ಣು ಪೂರ್ತಿಯಾಗಿ ರಕ್‌ನ, ಅಂದರೆ ನೆಲದ ಚೆಂಡಿಗಾಗಿ ಎರಡೂ ಕಡೆಯವರು ನಿಂತು ತಳ್ಳಾಡುವ ಗುಂಪಿನ, ಮೇಲಿತ್ತು, ಏಕೆಂದರೆ ಅವರ ಚೆಂಡು ನಿಧಾನವಾಗಿತ್ತು ಮತ್ತು ನಮ್ಮ ಫ್ಲ್ಯಾಂಕರ್ ಅದರ ಮೇಲೆ ಕೈ ಹಾಕುವುದರಲ್ಲಿದ್ದ. "ಸರ್, ಅವನನ್ನ ಹೊರಗೆ ಕರೀರಿ!" ಎಂಬ ಕೂಗು ಆಗ ಕೇಳಿಸಿತು. ನನಗೆ ಸ್ಪಷ್ಟವಾಗಿಯೇ ಕೇಳಿಸಿತು. ಮಗ ಟ್ಯಾಕಲ್ ಕೆಡಿಸಿದನೆಂಬ ಸಿಟ್ಟಿನಲ್ಲಿ ಎಂದಿನಂತೆ ಕೂಗುತ್ತಿದ್ದಾರೆಂದು ತಿಳಿದು ನಾನು ತಿರುಗಿಯೂ ನೋಡಲಿಲ್ಲ. ಇನ್ನೊಂದು ರಕ್ ಆಯಿತು, ಮತ್ತೊಂದು ಆಯಿತು. ಆ ಹುಡುಗ ರಕ್‌ನ ಪಕ್ಕ ಕಾವಲಿರುವ ಗಾರ್ಡ್ ಜಾಗದಲ್ಲಿ ನಿಂತೇ ಇದ್ದ, ಇನ್ನೊಂದು ಹೊಡೆತ ಅವನ ಕಡೆಗೆ ಯಾವ ಕ್ಷಣದಲ್ಲಾದರೂ ಬರಬಹುದಿತ್ತು.

ಎದುರಾಳಿಯೊಬ್ಬನನ್ನು ನಮ್ಮವರು ಚೆಂಡಿನ ಸಮೇತ ಟಚ್‌ಗೆ, ಅಂದರೆ ಪಕ್ಕದ ಗೆರೆಯಾಚೆಗೆ, ದಬ್ಬಿದ್ದರಿಂದ ಹೊರಗಿನಿಂದ ಚೆಂಡನ್ನು ಒಳಗೆಸೆಯುವ ಲೈನ್‌ಔಟ್ ನಮಗೆ ಸಿಕ್ಕಿತು. ಹುಕರ್ ಚೆಂಡು ಹಿಡಿದು ಗೆರೆಯ ಬಳಿಗೆ ಬಂದ, ಕಾಲ್ (ಯಾರಿಗೆ ಎಸೆಯಬೇಕೆಂಬ ಸಂಕೇತ) ಏನೆಂದು ಚೆಂಡಿಗೆ ಜಿಗಿಯುವ ಲಾಕ್‌ನನ್ನು ಕೇಳಿದ, ಉತ್ತರ ಸಿಕ್ಕ ಮೇಲೆ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದ. ಅಷ್ಟರಲ್ಲಿ ಅವನ ತಂದೆ ಟಚ್‌ಲೈನಿನುದ್ದಕ್ಕೂ ಓಡಿ ನನ್ನ ಪಕ್ಕಕ್ಕೆ ಬಂದಿದ್ದರು. ಈ ಸಲ ಅವರು ಕೂಗಲಿಲ್ಲ. "ಅವನು ಎದ್ದ ರೀತಿ ಸರಿಯಿಲ್ಲ ಸರ್. ನೆಲಕ್ಕೆ ಕೈ ಊರಿ ಎದ್ದ, ನಮ್ಮವರ ಕಡೆ ಬರೋದು ಬಿಟ್ಟು ಆ ಕಡೆ ಹೋದ, ಆಮೇಲೆ ತಿರುಗಿದ. ನಾನು ನೋಡಿದೆ," ಎಂದರು. ನಾನು ರೆಫರಿಗೆ ಕೈ ಎತ್ತಿದೆ.

ಹೊರಗೆ ಕೂರಿಸಿ, ಜೇಬಿನಲ್ಲಿರುವ ತಲೆಪೆಟ್ಟಿನ ತಪಾಸಣಾ ಕಾರ್ಡಿನ ಪ್ರಶ್ನೆಗಳನ್ನು ಕೇಳಿದೆ. ನಾವಿರುವುದು ಯಾವ ಮೈದಾನ ಎಂಬುದಕ್ಕೂ ಇದು ಯಾವ ಅವಧಿ ಎಂಬುದಕ್ಕೂ ಸರಿಯಾದ ಉತ್ತರ ಬಂತು. ಕೊನೆಯ ಅಂಕ ಗಳಿಸಿದವರು ಯಾರು ಎಂದಾಗ ಹಿಂದಿನ ಪಂದ್ಯದ ಟ್ರೈ ಬಗ್ಗೆ ಹೇಳತೊಡಗಿದ. ನಿಜಕ್ಕೂ ಎಲ್ಲವನ್ನೂ ಸರಿಯಾಗಿ ಹೇಳಿದ್ದರೂ ನಾನು ಅವನನ್ನು ಮತ್ತೆ ಒಳಗೆ ಬಿಡುವಂತಿರಲಿಲ್ಲ, ಏಕೆಂದರೆ ನಮ್ಮ ಮಟ್ಟದ ಆಟದಲ್ಲಿ ಕನ್‌ಕಷನ್ (ತಲೆಯ ಪೆಟ್ಟಿನಿಂದ ಮಿದುಳಿಗಾಗುವ ಆಘಾತ) ಆಗಿದೆಯೆಂಬ ಅನುಮಾನವೊಂದೇ ಆ ದಿನದ ಆಟ ಮುಗಿಸಲು ಸಾಕು. ಪ್ರಜ್ಞೆ ತಪ್ಪಿರಬೇಕೆಂದೇನೂ ಇಲ್ಲ, ಬಹುತೇಕ ಪ್ರಕರಣಗಳಲ್ಲಿ ತಪ್ಪುವುದೂ ಇಲ್ಲ. ಹುಡುಗ ಅಳುತ್ತಾ ವಾದಕ್ಕಿಳಿದ. ಟೀವಿಯಲ್ಲಿ ಆಡುವವರು ಎಚ್‌ಐಎ, ಅಂದರೆ ತಲೆಪೆಟ್ಟಿನ ಪರೀಕ್ಷೆ, ಮುಗಿಸಿ 12 ನಿಮಿಷದಲ್ಲಿ ವಾಪಸ್ ಬರುವುದಿಲ್ಲವೇ ಎಂದು ಕೇಳಿದ. ಆ ಪರೀಕ್ಷೆ ತರಬೇತಿ ಪಡೆದ ವೈದ್ಯರೂ ವಿಡಿಯೊ ಮರುವೀಕ್ಷಣೆಯೂ ಇರುವ ಉನ್ನತ ಮಟ್ಟದ ಪಂದ್ಯಗಳಿಗಷ್ಟೇ ಮೀಸಲು ಎಂದು ನಾನು ವಿವರಿಸಿದ್ದು ಅವನ ತಲೆಗೆ ಹೋಗಲಿಲ್ಲ. ಅವನ ತಂದೆ ಎದುರಿಗೆ ಕುಕ್ಕರಗಾಲಲ್ಲಿ ಕೂತು, "ಸರ್ ತೆಗೆದದ್ದಲ್ಲ, ನಾನೇ ಹೇಳಿ ತೆಗೆಸಿದ್ದು. ಸಿಟ್ಟು ಇದ್ದರೆ ನನ್ನ ಮೇಲಿರಲಿ," ಎಂದರು. ಪೋಷಕರ ಬೆಂಬಲ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಈಗ ಕೊಡುವ ಉದಾಹರಣೆ ಇದು.

2011ರಲ್ಲಿ ಉತ್ತರ ಐರ್ಲೆಂಡಿನ ಶಾಲಾ ಪಂದ್ಯವೊಂದರಲ್ಲಿ ತಲೆಗೆ ಪೆಟ್ಟಾದ ಮೇಲೂ ಆಟ ಮುಂದುವರಿಸಿದ 14 ವರ್ಷದ ಬಾಲಕನೊಬ್ಬ ತೀರಿಕೊಂಡ. ಮೊದಲ ಪೆಟ್ಟಿನಿಂದ ಮಿದುಳು ಚೇತರಿಸಿಕೊಳ್ಳುವ ಮುನ್ನ ಬಿದ್ದ ಎರಡನೆಯ ಪೆಟ್ಟು ಸಾವಿಗೆ ಕಾರಣವೆಂದು ವಿಚಾರಣೆಯಲ್ಲಿ ದಾಖಲಾಯಿತು. ಅವನ ತಂದೆತಾಯಿ ವರ್ಷಗಟ್ಟಲೆ ಹೋರಾಡಿದರು. 'ಅನುಮಾನವಿದ್ದರೆ ಹೊರಗೆ ಕೂರಿಸಿ' ಎಂಬ ಸ್ಕಾಟ್ಲೆಂಡಿನ ಮಾರ್ಗಸೂಚಿ ರೂಪುಗೊಂಡಿದ್ದರ ಹಿಂದೆ ಆ ಹೋರಾಟವೂ ಇದೆ. ಇಂದು ನಾವೆಲ್ಲ ಪಾಲಿಸುವ ಎಚ್ಚರಕ್ಕೆ ಪೋಷಕರೇ ಇಷ್ಟು ಬೆಲೆ ತೆತ್ತಿರುವಾಗ, ಟಚ್‌ಲೈನಿನಲ್ಲಿ ನಿಂತವರನ್ನು ಉಪದ್ರವವೆಂದು ಎಣಿಸುವ ನಮ್ಮ ರೂಢಿ ನನಗೆ ಈಗ ಸಹಿಸಲಾಗದ್ದಾಗಿ ಕಾಣುತ್ತದೆ.

ನಮ್ಮ ಹುಕರ್ ಹಂತಹಂತವಾಗಿ ಮತ್ತೆ ಪಂದ್ಯಕ್ಕೆ ಮರಳಲು ಕನಿಷ್ಠ 21 ದಿನ ಬೇಕಿತ್ತು. ಈ ಅವಧಿಯಲ್ಲಿ ಕೋಚ್‌ನ ಕಣ್ಣಿಗೆ ಬೀಳುವುದು ಬಹಳ ಕಡಿಮೆ. ಲಕ್ಷಣಗಳು ಒಂದೆರಡು ದಿನ ತಡವಾಗಿಯೂ ಕಾಣಿಸಿಕೊಳ್ಳಬಹುದು, ನಿದ್ದೆ ಕೆಡುವುದು, ಬೆಳಕು ಚುಚ್ಚುವುದು, ಕಾರಣವಿಲ್ಲದೆ ರೇಗುವುದು ಇವೆಲ್ಲ ನಡೆಯುವುದು ಮನೆಯಲ್ಲಿ. ಆ ತಂದೆ ಪ್ರತಿ ರಾತ್ರಿ ಎರಡು ಸಾಲಿನ ಸಂದೇಶ ಕಳಿಸುತ್ತಿದ್ದರು. ಹುಡುಗ ಅಭ್ಯಾಸದಲ್ಲಿ ನಗುನಗುತ್ತಾ ಓಡಿದ ದಿನವೇ, ಓದಲು ಕೂತು ಅರ್ಧ ಗಂಟೆಯೊಳಗೆ ತಲೆನೋವೆಂದು ಮಲಗಿದ ಎಂಬ ಸಂದೇಶ ಬಂದಾಗ ನಾವು ಮುಂದಿನ ಹಂತವನ್ನು ತಡೆಹಿಡಿದೆವು. ಆ ಎರಡು ಸಾಲು ಬಾರದಿದ್ದರೆ ಅವನು ಮರುದಿನ ಮೈಗೆ ಮೈ ತಾಗುವ ಕಾಂಟ್ಯಾಕ್ಟ್ ಡ್ರಿಲ್‌ಗೆ ಇನ್ನಷ್ಟು ಹತ್ತಿರವಾಗುತ್ತಿದ್ದ.

ಆಮೇಲೆ ಕೆಲವು ಪದ್ಧತಿಗಳನ್ನು ಬದಲಿಸಿದೆವು. ಋತು ಶುರುವಾಗುವ ಮುನ್ನ ಪೋಷಕರನ್ನೇ ಮ್ಯಾಟ್ ಮೇಲೆ ಮಂಡಿಯೂರಿಸಿ, ಟ್ಯಾಕಲ್‌ನಲ್ಲಿ ತಲೆ ಎಲ್ಲಿರಬೇಕು, ಕೆನ್ನೆ ಎಲ್ಲಿ ಒತ್ತಬೇಕು ಎಂಬುದನ್ನು ಮಾಡಿಸುತ್ತೇವೆ. ಒಮ್ಮೆ ತಾವೇ ಬಾಗಿ ನೋಡಿದವರು ಮಗು ಬಾಗುವಾಗ ಕೂಗುವುದಿಲ್ಲ. ಚೆಂಡು ಆಟದಲ್ಲಿರುವಷ್ಟು ಹೊತ್ತು ಹೊರಗಿನಿಂದ ಯಾರೂ ಸೂಚನೆ ಕೊಡುವಂತಿಲ್ಲ, ಚಪ್ಪಾಳೆಗೆ ಅಡ್ಡಿಯಿಲ್ಲ. ಪ್ರತಿ ಪಂದ್ಯಕ್ಕೂ ಒಬ್ಬ ಪೋಷಕರು ಚೆಂಡನ್ನು ಬಿಟ್ಟು, ಟ್ಯಾಕಲ್ ಆದ ಮೇಲೆ ಎದ್ದೇಳುವ ಮಕ್ಕಳನ್ನಷ್ಟೇ ನೋಡುತ್ತಾರೆ. ಅವರು ಕೈ ಎತ್ತಿದರೆ ನಾನು ಪ್ರಶ್ನೆ ಕೇಳದೆ ಆಟಗಾರನನ್ನು ಹೊರಗೆ ಕರೆಸುತ್ತೇನೆ. ಸದ್ದು ತಗ್ಗಿದ ಟಚ್‌ಲೈನಿನಲ್ಲಿ ಆ ಕೈ ಕಾಣದೆ ಹೋಗುವುದಿಲ್ಲ. ಹುಕರ್‌ನ ತಂದೆ ಈ ಕೆಲಸವನ್ನು ಮೊದಲು ವಹಿಸಿಕೊಂಡರು, ಇತರರಿಗೆ ಕಲಿಸಿದವರೂ ಅವರೇ.

ಆಡಳಿತ ಸಮಿತಿಗೆ ಇದೆಲ್ಲ ಇನ್ನೂ ಮುಟ್ಟಿಲ್ಲ. ಅವರ ಪಾಲಿಗೆ ಪೋಷಕರೆಂದರೆ ನಡವಳಿಕೆ ನಿಯಮದ ಹಾಳೆಗೆ ಬೀಳುವ ಸಹಿ. ತಂಡದ ಆ್ಯಪ್‌ನಲ್ಲಿ ಹಾಜರಿಗೆ, ಶುಲ್ಕಕ್ಕೆ, ಜೆರ್ಸಿಯ ಅಳತೆಗೆ ಜಾಗವಿದೆ, ತಲೆಗೆ ಪೆಟ್ಟಾದ ದಿನಾಂಕ ಬರೆಯಲು ಜಾಗವಿಲ್ಲ. ಹೀಗಾಗಿ ಆ ಲೆಕ್ಕ ನನ್ನ ನೋಟ್‌ಬುಕ್ಕಿನಲ್ಲಿದೆ, ನಾನು ರಜೆ ಹಾಕಿದರೆ ಬದಲಿ ಕೋಚ್‌ಗೆ ಅದು ಸಿಗುವುದಿಲ್ಲ. ಪೋಷಕರ ತರಬೇತಿಯನ್ನು ಅಧಿಕೃತ ವೇಳಾಪಟ್ಟಿಗೆ ಸೇರಿಸಿ, ಆ್ಯಪ್‌ನಲ್ಲಿ ಆ ಒಂದು ಕಲಂ ತೆರೆಯಿರಿ ಎಂದು ಲಿಖಿತವಾಗಿ ಕೇಳಿದ್ದೇನೆ. ಉತ್ತರ ಬರುವವರೆಗೆ ನೋಟ್‌ಬುಕ್ಕಿನ ಪುಟಗಳ ಒಂದು ನಕಲನ್ನು ತಂಡದ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಇಡುತ್ತಿದ್ದೇನೆ.