ಕೀಪರ್ ಕಣ್ಣಲ್ಲಿ ವೇಕ್‌ಫೀಲ್ಡ್

ಕಾಲೇಜಿನಲ್ಲಿ ನಾನು ವಿಕೆಟ್ ಕೀಪರ್. ದಾವಣಗೆರೆಯ ಮ್ಯಾಟಿಂಗ್ ಪಿಚ್‌ನಲ್ಲಿ ಒಬ್ಬ ಲೆಗ್ ಸ್ಪಿನ್ನರ್‌ಗೆ ಕೀಪಿಂಗ್ ಮಾಡಿ ಎಡಗೈ ಕಿರುಬೆರಳು ಇವತ್ತಿಗೂ ಸೊಟ್ಟ. ಅದಕ್ಕೇ ಇರಬೇಕು, ಬಾಸ್ಟನ್‌ಗೆ ಬಂದ ಮೇಲೆ ಬೇಸ್‌ಬಾಲ್ ನೋಡುವಾಗಲೂ ನನ್ನ ಕಣ್ಣು ಹೋಗುತ್ತಿದ್ದದ್ದು ಬ್ಯಾಟರ್ ಹಿಂದೆ ಕುಕ್ಕರಗಾಲಲ್ಲಿ ಕೂತ ಕ್ಯಾಚರ್ ಕಡೆಗೆ.

ಪೂರ್ತಿ ನೋಡಿದ ಮೊದಲ ಮ್ಯಾಚ್ 2003ರ ಅಕ್ಟೋಬರ್ 16ರದ್ದು. ಬಾಸ್ಟನ್‌ನ ರೆಡ್ ಸಾಕ್ಸ್, ನ್ಯೂಯಾರ್ಕಿನ ಯಾಂಕೀಸ್, ಸೆಮಿಫೈನಲ್ ಅನ್ನಬಹುದಾದ ಸರಣಿಯ ಏಳನೇ ಪಂದ್ಯ. ಗೆದ್ದವರು ವರ್ಲ್ಡ್ ಸೀರೀಸ್‌ಗೆ, ಅಂದರೆ ಫೈನಲ್‌ಗೆ. ರೂಮ್‌ಮೇಟ್‌ಗಳ ಜೊತೆ ತಣ್ಣಗಾದ ಚಿತ್ರಾನ್ನ ಹಿಡಿದು ಕೂತಿದ್ದೆ. ಮಧ್ಯರಾತ್ರಿ ದಾಟಿತ್ತು. ಹನ್ನೊಂದನೇ ಇನಿಂಗ್ಸ್‌ನಲ್ಲಿ ರೆಡ್ ಸಾಕ್ಸ್‌ನ ಪಿಚರ್, ಅಂದರೆ ಬೌಲರ್, ಟಿಮ್ ವೇಕ್‌ಫೀಲ್ಡ್ ಎಸೆದ ಮೊದಲ ಬಾಲನ್ನೇ ಯಾಂಕೀಸ್‌ನ ಆರನ್ ಬೂನ್ ಎತ್ತಿ ಸ್ಟ್ಯಾಂಡಿಗೆ ಕಳಿಸಿದ. ಮುಗೀತು. ಅದೇ ಸರಣಿಯಲ್ಲಿ ರೆಡ್ ಸಾಕ್ಸ್‌ಗೆ ಎರಡು ಮ್ಯಾಚ್ ಗೆಲ್ಲಿಸಿದ್ದವನು ಈ ವೇಕ್‌ಫೀಲ್ಡೇ ಅಂತ ಮರುದಿನ ಆಫೀಸಿನಲ್ಲಿ ತಿಳಿಯಿತು.

ಅವನು ಎಸೆಯುತ್ತಿದ್ದದ್ದು ನಕಲ್‌ಬಾಲ್. ಹೆಸರೇನೋ ಬೆರಳ ಗೆಣ್ಣಿನದು, ಹಿಡಿಯೋದು ಮಾತ್ರ ಉಗುರ ತುದಿಯಲ್ಲಿ. ಮಣಿಕಟ್ಟು ಆಡಿಸದೆ ಸುಮ್ನೆ ಮುಂದಕ್ಕೆ ತಳ್ಳಿದ ಹಾಗೆ ಬಿಡಬೇಕು. ಬಾಲ್ ತಿರುಗಲೇಬಾರದು. ನಮ್ಮ ಸ್ಪಿನ್ನರ್‌ಗಳ ಕಸುಬಿಗೆ ಪೂರ್ತಿ ಉಲ್ಟಾ, ಅಲ್ವಾ? ತಿರುಗದ ಬಾಲಿನ ಹೊಲಿಗೆ ಗಾಳಿಯನ್ನು ಒಂದು ಕಡೆ ಕದಡುತ್ತದೆ, ಇನ್ನೊಂದು ಕಡೆ ಇಲ್ಲ. ಬಾಲ್ ಕುಡುಕನ ಹಾಗೆ ಓಲಾಡುತ್ತಾ ಬರುತ್ತದೆ. ಬೇರೆಯವರು ಗಂಟೆಗೆ 90 ಮೈಲಿ ಎಸೆದರೆ ಇವನದು 70 ಕೂಡ ದಾಟುತ್ತಿದ್ದದ್ದು ಅಪರೂಪ. ಎತ್ತ ಹೋಗುತ್ತೆ ಅಂತ ಎಸೆದವನಿಗೂ ಗೊತ್ತಿಲ್ಲ. ಸ್ಪಿನ್ನರ್ ಚಂದ್ರಶೇಖರ್ ಬಗ್ಗೆ ನಮ್ಮಪ್ಪ ಇದೇ ಮಾತು ಹೇಳುತ್ತಿದ್ದರು. ಆಮೇಲೆ ಕೀಪರ್‌ನ ನೆನೆದು "ಪಾಪ ಕಿರ್ಮಾನಿ" ಅಂತ ಸೇರಿಸುತ್ತಿದ್ದರು.

ಅವನು ಪಿಚರ್ ಆಗೋಕೆ ಬಂದವನೇ ಅಲ್ಲ. 1988ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ತೆಗೆದುಕೊಂಡಿದ್ದು ಫಸ್ಟ್ ಬೇಸ್‌ಮನ್, ಅಂದರೆ ಮೊದಲ ಬೇಸ್ ಕಾಯುವ ಫೀಲ್ಡರ್ ಅಂತ. ಬ್ಯಾಟಿಂಗ್ ಕೈಕೊಟ್ಟಿತು. ಚಿಕ್ಕವನಿದ್ದಾಗ ಫ್ಲಾರಿಡಾದ ಮನೆ ಹಿತ್ತಲಲ್ಲಿ, ಆಟ ಸಾಕು ಅನ್ನಿಸಿದಾಗ ಅವರಪ್ಪ ಹಿಡಿಯಲಾಗದ ನಕಲ್‌ಬಾಲ್ ಎಸೆದು ಹುಡುಗನನ್ನು ಸುಸ್ತು ಮಾಡುತ್ತಿದ್ದರಂತೆ. ಅದೇ ಬಾಲ್ ಅನ್ನ ಕೊಟ್ಟಿತು. 1992ರಲ್ಲಿ ಪಿಚರ್ ಆಗಿ ಬಂದವನೇ 8 ಗೆಲುವು, 1 ಸೋಲು (ಬೇಸ್‌ಬಾಲ್‌ನಲ್ಲಿ ಗೆಲುವು ಸೋಲನ್ನು ಪಿಚರ್ ಹೆಸರಿಗೂ ಬರೆಯುತ್ತಾರೆ). ಮುಂದಿನ ವರ್ಷ ಹಿಡಿತ ತಪ್ಪಿತು, 1995ರ ಏಪ್ರಿಲ್‌ನಲ್ಲಿ ಕೆಲಸವೇ ಹೋಯಿತು. ಒಂದು ವಾರದೊಳಗೆ ರೆಡ್ ಸಾಕ್ಸ್ ಕರೆಯಿತು. ಆ ವರ್ಷ 16 ಗೆಲುವು. ಅಲ್ಲಿಂದ 17 ಸೀಸನ್ ಬಾಸ್ಟನ್‌ನಲ್ಲೇ.

2004, ಮತ್ತೆ ಅಕ್ಟೋಬರ್ 16, ಮತ್ತೆ ಯಾಂಕೀಸ್, ಮತ್ತೆ ಅದೇ ಹಂತದ ಸರಣಿ. ಮೂರನೇ ಮ್ಯಾಚ್‌ನಲ್ಲಿ 19-8ರ ಹೀನಾಯ ಸೋಲು. ಮರುದಿನ ಶುರುವಿನಿಂದ ಎಸೆಯಬೇಕಿದ್ದ ವೇಕ್‌ಫೀಲ್ಡ್, ಉಳಿದವರ ಕೈ ದಣಿಯದಿರಲಿ ಅಂತ ತನ್ನ ಮ್ಯಾಚ್ ಬಿಟ್ಟುಕೊಟ್ಟು ಆ ಸೋತ ಆಟಕ್ಕೇ ಇಳಿದ. ಎರಡು ರಾತ್ರಿ ಬಿಟ್ಟು ಐದನೇ ಮ್ಯಾಚ್. ಸ್ಕೋರು 4-4, ಹದಿಮೂರನೇ ಇನಿಂಗ್ಸ್. ಕ್ಯಾಚರ್ ವಾರಿಟೆಕ್‌ಗೆ ಈ ಬಾಲ್ ರೂಢಿಯಿಲ್ಲ. ಮೂರು ಸಲ ಕೈತಪ್ಪಿತು. ಪಾಸ್ಡ್ ಬಾಲ್ ಅಂದರೆ ನಮ್ಮ ಬೈ ಇದ್ದ ಹಾಗೆ, ಆದರೆ ತಪ್ಪು ನೇರ ಕೀಪರ್ ತಲೆಗೆ. ರನ್ನರ್ ಮೂರನೇ ಬೇಸ್‌ಗೆ ಬಂದಿದ್ದಾನೆ, ಇನ್ನೊಂದು ತಪ್ಪಿದರೆ ಯಾಂಕೀಸ್ ಮುಂದೆ. ನಾನು ಟಿವಿ ಮುಂದೆ ಅಂಗೈ ಒಡ್ಡಿ ಕೂತಿದ್ದೆ! ಆದರೂ ವೇಕ್‌ಫೀಲ್ಡ್ ನಕಲ್‌ಬಾಲನ್ನೇ ಎಸೆದ. ಯಾಂಕೀಸ್‌ನ ಸಿಯೆರಾ ಬೀಸಿದ, ಸಿಗಲಿಲ್ಲ. ವಾರಿಟೆಕ್ ಈ ಸಲ ಹಿಡಿದ. ಹದಿನಾಲ್ಕನೇ ಇನಿಂಗ್ಸ್‌ನಲ್ಲಿ ರೆಡ್ ಸಾಕ್ಸ್ ಗೆದ್ದರು. ಆ ತಿಂಗಳೇ 86 ವರ್ಷದ ಬರ ನೀಗಿ ವರ್ಲ್ಡ್ ಸೀರೀಸ್ ಬಂತು.

ವೇಕ್‌ಫೀಲ್ಡ್‌ಗೆಂದೇ ಡಗ್ ಮಿರಾಬೆಲಿ ಅನ್ನೋ ಕ್ಯಾಚರ್ ಇದ್ದ, ಸಾಫ್ಟ್‌ಬಾಲಿನ ದೊಡ್ಡ ಗ್ಲೌಸ್ ಹಾಕುತ್ತಿದ್ದ. ಅವನನ್ನು ಸ್ಯಾನ್ ಡಿಯಾಗೋ ತಂಡಕ್ಕೆ ಬಿಟ್ಟುಕೊಟ್ಟರು. ಬದಲಿಗೆ ಬಂದ ಜಾಶ್ ಬಾರ್ಡ್ ಐದು ಮ್ಯಾಚ್‌ನಲ್ಲಿ ಹತ್ತು ಬಾಲ್ ಬಿಟ್ಟ. ಬೈಯಬೇಡಿ, ನಾನಾಗಿದ್ದರೆ ಮೂವತ್ತು. 2006ರ ಮೇ 1ಕ್ಕೆ ಮಿರಾಬೆಲಿಯನ್ನು ವಾಪಸ್ ತರಿಸಿದರು. ಏರ್‌ಪೋರ್ಟಿನಿಂದ ಪೊಲೀಸ್ ಕಾರಿನಲ್ಲಿ ಬಂದ, ದಾರಿಯಲ್ಲೇ ಯೂನಿಫಾರ್ಮ್ ಹಾಕಿಕೊಂಡ. ಒಬ್ಬ ಕೀಪರ್‌ಗೆ ಇಂಥ ಮರ್ಯಾದೆ ನಾನು ಬೇರೆಲ್ಲೂ ಕಂಡಿಲ್ಲ.

ವೇಕ್‌ಫೀಲ್ಡ್‌ನ 200ನೇ ಗೆಲುವು ಬಂದಿದ್ದು 2011ರ ಸೆಪ್ಟೆಂಬರ್‌ನಲ್ಲಿ, 45ನೇ ವಯಸ್ಸಿನಲ್ಲಿ. ಅದೇ ಕೊನೆಯದು.

2023ರ ಅಕ್ಟೋಬರ್ 1, ಭಾನುವಾರ ವೇಕ್‌ಫೀಲ್ಡ್ ಹೋಗಿಬಿಟ್ಟ. ಮಿದುಳಿನ ಕ್ಯಾನ್ಸರ್, 57 ವರ್ಷ. ಸಂಜೆ ಮಗನನ್ನು ಹಿತ್ತಲಿಗೆ ಕರೆದು ಉಗುರಲ್ಲಿ ಹಿಡಿಯೋದು ತೋರಿಸಿದೆ. ಒಂಬತ್ತು ಬಾಲ್ ಗಿರಗಿರ ತಿರುಗಿಕೊಂಡೇ ಬಂದವು. ಹತ್ತನೆಯದು ತಿರುಗಲಿಲ್ಲ. ಗ್ಲೌಸ್ ಬಲಕ್ಕೆ ಚಾಚಿದ್ದೆ, ಬಾಲ್ ಬಂದು ಎಡ ಮೊಣಕಾಲಿಗೆ ಬಡಿಯಿತು.