ಮಂದಿ ಎಷ್ಟ್ರಿ?

ನನಗೆ ಬೇಕಾಗಿದ್ದದ್ದು ಸಿಪೊರೆಕ್ಸ್ ಬ್ಲಾಕಿನ, ಅಂದರೆ ಗೋಡೆ ಕಟ್ಟುವ ಹಗುರ ಸಿಮೆಂಟ್ ಇಟ್ಟಿಗೆಯ, ಒಂದು ತುಂಡು. ಪುಣೆಯ ವಾಕಡಿನ ನಮ್ಮ ಸೊಸೈಟಿಯ ಪಕ್ಕದಲ್ಲೇ ಹೊಸ ಬಿಲ್ಡಿಂಗ್ ಏಳುತ್ತಿದೆ, ಒಡೆದ ಬ್ಲಾಕುಗಳ ರಾಶಿ ಗೇಟಿನ ಬಳಿ ಬಿದ್ದಿರುತ್ತದೆ. ವಾಚ್‌ಮನ್‌ಗೆ ಮರಾಠಿಯಲ್ಲಿ ಎಷ್ಟು ಹೇಳಿದರೂ ತಲೆಗೆ ಹೋಗದೆ ಒಬ್ಬ ಗೌಂಡಿಯನ್ನು ಕರೆದ. ಅಷ್ಟರಲ್ಲಿ ಧಾರವಾಡದಿಂದ ಅವ್ವನ ಫೋನು. ನನ್ನ ಮಾತು ಕಿವಿಗೆ ಬಿದ್ದದ್ದೇ ಗೌಂಡಿ ಕನ್ನಡಕ್ಕೆ ತಿರುಗಿದ. ಇಂಡಿ ತಾಲೂಕಿನವನಂತೆ.

"ಯಾತಕ್ಕ ಬೇಕ್ರಿ ಅಕ್ಕಾರ?"

"ಇರವಿಗೆ ಮನಿ ಕಟ್ಟಬೇಕಣ್ಣಾ."

ಆತ ನಗಲಿಲ್ಲ. ಕೈಯಲ್ಲಿ ಆಗಲೇ ಅರ್ಧ ಬ್ಲಾಕು ಎತ್ತಿಕೊಂಡಿದ್ದ. "ಮಂದಿ ಎಷ್ಟ್ರಿ?"

"ತಾಯಿ ಒಬ್ಬಾಕಿ, ಮಕ್ಕಳು ಹದಿನಾಲ್ಕು."

ಆ ಅರ್ಧ ಬ್ಲಾಕನ್ನು ಕೆಳಗಿಟ್ಟು, ರಾಶಿ ಕೆದರಿ, ಅಂಗೈಯಗಲದ ಒಂದು ತುಂಡು ಆರಿಸಿದ. "ಇದ ಸಾಕು."

ವಾರ ಪೂರ್ತಿ ಅದೇ ನನ್ನ ಕಣ್ಣ ಮುಂದಿದೆ. ಎತ್ತಿದ ಬ್ಲಾಕು ಕೆಳಗೆ ಹೋದದ್ದು, ಸಣ್ಣ ತುಂಡು ಮೇಲೆ ಬಂದದ್ದು. ಇರುವೆ ಸಾಕುವ ಎಷ್ಟೋ ಜನರಿಗೆ ನಾನು ಹೇಳಿ ಹೇಳಿ ಸೋತ ಮಾತದು. ದೊಡ್ಡ ಗೂಡು ಕೊಟ್ಟರೆ ಅವು ಬೇಡದ ಖೋಲಿಗಳನ್ನು ತಿಪ್ಪೆ ಮಾಡುತ್ತವೆ, ತಿಪ್ಪೆಗೆ ಬೂಷ್ಟು ಬರುತ್ತದೆ, ಬೂಷ್ಟು ಮರಿಗಳವರೆಗೂ ಬರುತ್ತದೆ. ಆನ್‌ಲೈನಿನಲ್ಲಿ ಸಿಗುವ ಹೊಳೆಯುವ ಅಕ್ರಿಲಿಕ್ ಅರಮನೆಗಳು ನನಗೆ ಸೇರುವುದೇ ಇಲ್ಲ. ಅಕ್ರಿಲಿಕ್ ನೀರು ಹೀರುವುದಿಲ್ಲ, ಗೋಡೆಗೆಲ್ಲ ಬೆವರು ಕೂರುತ್ತದೆ. ಅವನ್ನು ಮಾಡಿರುವುದು ನೋಡುವವರಿಗಾಗಿ, ಇರುವವರಿಗಾಗಿ ಅಲ್ಲ.

ನನ್ನ ಹತ್ತಿರ ಇರುವುದು ಗೊದ್ದ, ಶಾಸ್ತ್ರದ ಹೆಸರು ಕ್ಯಾಂಪೊನೋಟಸ್ ಕಂಪ್ರೆಸಸ್. ಮುಂಗಾರಿನ ಮೊದಲ ಮಳೆಗಳ ಹೊತ್ತಿಗೆ ಗೇಟಿನ ಲೈಟಿನ ಕೆಳಗೆ ರಾಣಿ ಸಿಕ್ಕಳು, ರೆಕ್ಕೆ ಆಗಲೇ ಕಳಚಿಕೊಂಡಿದ್ದಳು. ಟೆಸ್ಟ್ ಟ್ಯೂಬಿನ ತಳದಲ್ಲಿ ನೀರು, ಮೇಲೆ ಹತ್ತಿಯ ಬಿರಡೆ, ಅದರಾಚೆ ಅವಳು, ಬಾಯಿಗೆ ಇನ್ನೊಂದು ಹತ್ತಿ. ಚೊಚ್ಚಲ ಮಕ್ಕಳು ಹೊರಬರುವ ತನಕ ಅವಳು ಏನೂ ತಿನ್ನುವುದಿಲ್ಲ. ಇನ್ನು ಹಾರುವುದಿಲ್ಲವಲ್ಲ, ರೆಕ್ಕೆಯ ಸ್ನಾಯುಗಳನ್ನೇ ಕರಗಿಸಿ ಮರಿಗಳಿಗೆ ಉಣಿಸುತ್ತಾಳೆ. ಇದನ್ನು ನೋಡಿದ ಮೇಲೆ ಅವಳಿಗೆ ಒಳ್ಳೆಯ ಮನೆ ಕೊಡದೆ ಇರುವುದು ನನ್ನಿಂದ ಆಗುತ್ತಿರಲಿಲ್ಲ.

ಗೌಂಡಿ ಅಲ್ಲಿಗೇ ಬಿಡಲಿಲ್ಲ. "ನೀರ ಎಲ್ಲಿಂದ ಬರ್ತದ್ರಿ?" ಅಂದ. ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ತುಂಡಿನ ಮೇಲೆ ತಾನೇ ಗೆರೆ ಹಾಕಿದ. ಒಂದು ತುದಿಗೆ ನೀರಿನ ಸಣ್ಣ ತೊಟ್ಟಿ, ಅಲ್ಲಿಂದ ಸಾಲಾಗಿ ಮೂರು ಖೋಲಿ. "ಇದು ಹಸಿ ಇರ್ತದ, ನಡುವಿಂದು ಅಷ್ಟಕ್ಕಷ್ಟ, ಆ ಕಡೆದು ಒಣಾ. ಯಾರಿಗೆ ಯಾವುದು ಬೇಕೋ ಅಲ್ಲಿ ಇರಲಿ." ಫ್ರಾನ್ಸಿನಲ್ಲಿ ಶಾರ್ಲ್ ಜಾನೆ ಎಂಬ ಇಂಜಿನಿಯರ್ ಇದ್ದ, 1849ರಲ್ಲಿ ಹುಟ್ಟಿದವನು. ಪ್ಲಾಸ್ಟರಿನಲ್ಲಿ ಇರುವೆ ಗೂಡು ಮಾಡಿ ಹೆಸರಾದವನು. ಅವನ ಗೂಡಿನಲ್ಲೂ ಹೀಗೇ, ಒಂದು ತುದಿಗೆ ನೀರು, ಅಲ್ಲಿಂದ ಖೋಲಿ ಖೋಲಿಗೆ ಕಡಿಮೆಯಾಗುತ್ತ ಹೋಗುವ ತೇವ. ಇಂಡಿಯ ಗೌಂಡಿ ಅದನ್ನು ನಿಂತ ನಿಲುವಿನಲ್ಲಿ ಬರೆದುಕೊಟ್ಟ. ಜೀವವಿರುವ ಯಾವುದಕ್ಕೆ ಮನೆ ಕಟ್ಟಿದರೂ ಕೇಳಬೇಕಾದದ್ದು ಆ ಎರಡೇ ಪ್ರಶ್ನೆ ಎಂದು ಈಗ ಅನಿಸುತ್ತಿದೆ. ಮಂದಿ ಎಷ್ಟು, ನೀರು ಎಲ್ಲಿಂದ. ಸಿಂಹಗಡ ಕೋಟೆಯ ಮೇಲಿನ ದೇವಟಾಕೆ ಎಂಬ ನೀರಿನ ಹೊಂಡ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸಿಪೊರೆಕ್ಸ್ ಕೆತ್ತಲು ಸಲೀಸು, ಸ್ಕ್ರೂಡ್ರೈವರ್ ಸಾಕು. ಧೂಳು ಮಾತ್ರ ಎದೆಗೆ ಕೆಟ್ಟದ್ದು. ಮಾಸ್ಕ್ ಹಾಕಿ, ತುಂಡನ್ನು ನೆನೆಸಿಯೇ ಕೆತ್ತಬೇಕು. ಗೆರೆಯ ಮೇಲೇ ಕೆತ್ತಿ, ತೊಳೆದು ಒಣಗಿಸಿ, ಮೇಲೆ ಗಾಜು ಕೂರಿಸಿದೆ, ಗಾಜಿನ ಮೇಲೆ ಕೆಂಪು ಜಿಲೆಟಿನ್ ಹಾಳೆ. ಇರುವೆಗೆ ಕೆಂಪು ಹೆಚ್ಚುಕಡಿಮೆ ಕತ್ತಲೆಯೇ. 19ನೇ ಶತಮಾನದಲ್ಲೇ ಇಂಗ್ಲೆಂಡಿನ ನಿಸರ್ಗತಜ್ಞ ಜಾನ್ ಲಬಕ್ ಬಣ್ಣಬಣ್ಣದ ಗಾಜು ಇಟ್ಟು ನೋಡಿದ್ದ. ನೇರಳೆ ಗಾಜಿನ ಕೆಳಗಿದ್ದ ಕೋಶಗಳನ್ನು, ಅಂದರೆ ಇರುವೆಯಾಗುವ ಮೊದಲಿನ ಹಂತದ ಮರಿಗಳನ್ನು, ಅವು ಎತ್ತಿ ಕೆಂಪಿನ ಕೆಳಗೆ ಒಯ್ದಿದ್ದವು. ಅದೇ ಲಬಕ್ ಸಾಕಿದ ಒಂದು ರಾಣಿ ಹದಿನೈದು ವರ್ಷದ ಹತ್ತಿರ ಬದುಕಿತ್ತು. ಗೂಡಿನ ಹೊರಗೆ ಓಡಾಡಲು ಪ್ಲಾಸ್ಟಿಕ್ ಡಬ್ಬಿ ಜೋಡಿಸಿ, ಅಂಚಿಗೆ ಸ್ಪಿರಿಟ್‌ನಲ್ಲಿ ಕಲಸಿದ ಟಾಲ್ಕಂ ಪೌಡರ್ ಬಳಿದೆ. ಒಣಗಿದ ಮೇಲೆ ಅದರ ಮೇಲೆ ಕಾಲು ನಿಲ್ಲುವುದಿಲ್ಲ, ಜಾರಿ ಒಳಗೇ ಬೀಳುತ್ತವೆ.

ಮೇಲಿನ ಮನೆಯ ಕಾಕಾ ಒಳ್ಳೆಯವರು, ಆದರೆ ಇರುವೆ ಅಂದರೆ ಅವರಿಗೆ ಪೆಸ್ಟ್ ಕಂಟ್ರೋಲೇ ನೆನಪಾಗುತ್ತದೆ. ಬಿಲ್ಡಿಂಗ್ ಕೊರೆದು ತಿನ್ನುತ್ತವೆ ಅಂತ ಹೆದರುತ್ತಾರೆ. ಅದು ಗೆದ್ದಲಿನ ಕೆಲಸ. ಗೆದ್ದಲು ಜಿರಳೆಯ ಬಳಗ, ಇರುವೆ ಕಣಜದ ಬಳಗ. ಗೊದ್ದ ಗೂಡು ಮಾಡುವುದು ನೆಲದಲ್ಲಿ, ಮರದ ಬುಡದಲ್ಲಿ. ದೀಪಾವಳಿಗೆ ಕೆಳಗೆ ಮಣ್ಣಿನ ಕಿಲ್ಲಾ ಕಟ್ಟುತ್ತಿದ್ದ ಮಕ್ಕಳಿಗೆ ಮಾತ್ರ ಏನೂ ಹೇಳಬೇಕಾಗಲಿಲ್ಲ. ಕೈಯೆಲ್ಲ ಮಣ್ಣು ಮಾಡಿಕೊಂಡೇ ಓಡಿಬಂದು ಗಾಜಿಗೆ ಮೂಗು ಹಚ್ಚಿ ನಿಂತವು.

ಹೊಸ ಮನೆಗೆ ಅವನ್ನು ಕೊಡವಿ ಸುರಿಯಬಾರದು. ಟ್ಯೂಬಿನ ಫಾಯಿಲ್ ಬಿಚ್ಚಿ ಬೆಳಕು ಬಿಟ್ಟು, ಹೊಸ ಗೂಡನ್ನು ಕತ್ತಲು ಮಾಡಿ, ನಡುವೆ ಪೈಪ್ ಇಟ್ಟು ಕಾಯಬೇಕು. ರಾತ್ರಿ ಊಟದ ಹೊತ್ತಿಗೆ ಒಂದು ಆಳು ಇರುವೆ ಪೈಪಿನಿಂದ ಇಣುಕಿತು. ಮೀಸೆಯಲ್ಲಿ ಗೋಡೆ ತಟ್ಟುತ್ತ ಮೂರೂ ಖೋಲಿ ಸುತ್ತಿ ವಾಪಸಾಯಿತು. ಮತ್ತೆ ಬಂದಾಗ ದವಡೆಯಲ್ಲಿ ಒಂದು ಬಿಳಿ ಮರಿ. ನೀರಿನ ಪಕ್ಕದ ಖೋಲಿಯಲ್ಲಿ ಇಟ್ಟಿತು. ಹಿಂದೆ ಬಂದವೂ ಮರಿಗಳನ್ನು ಅಲ್ಲೇ ಇಟ್ಟವು. ಕೋಶಗಳನ್ನು ಮಾತ್ರ ಅಲ್ಲಿ ಇಳಿಸದೆ ಕೊನೆಯ ಒಣ ಖೋಲಿಗೆ ಹೊತ್ತೊಯ್ದವು. ಗೌಂಡಿ ಹೇಳಿದ್ದೂ ಅದೇ, ಯಾರಿಗೆ ಯಾವುದು ಬೇಕೋ ಅಲ್ಲಿ. ರಾಣಿ ಕಟ್ಟಕಡೆಗೆ ತಾನೇ ನಡೆದು ಬಂದಳು.

ಧಾರವಾಡದ ನಮ್ಮ ಮನೆಯಲ್ಲಿ ಕಾಕಾನ ಮದುವೆಗೆ ಒಂದು ಖೋಲಿ ಹೊಸದಾಗಿ ಎದ್ದಿತು, ಅಜ್ಜಿಗೆ ಮೆಟ್ಟಿಲು ಹತ್ತಲಾಗದಾಗ ಹಿತ್ತಲ ಪಡಸಾಲೆ ಖೋಲಿಯಾಯಿತು. ಮಂದಿ ನೋಡಿ ಮನೆ ಬದಲಾಗುತ್ತಿತ್ತು. ಇಲ್ಲಿ ಇರುವವರು ಯಾರೆಂದು ಗೊತ್ತಾಗುವ ಮೊದಲೇ ಟೂ ಬಿಎಚ್‌ಕೆ, ಥ್ರೀ ಬಿಎಚ್‌ಕೆ ಎಂದು ಬ್ರೋಶರ್ ಅಚ್ಚಾಗಿರುತ್ತದೆ. ನಮ್ಮ ಮಜಲಿನಲ್ಲೇ ದುಡ್ಡು ಹಾಕಲೆಂದು ಕೊಂಡು ಬೀಗ ಜಡಿದ ಮನೆಗಳಿವೆ. ಅದನ್ನೆಲ್ಲ ಕಟ್ಟುವವರಿರುವುದು ಸೈಟಿನ ತಗಡಿನ ಶೆಡ್ಡಿನಲ್ಲಿ, ಒಂದೇ ನಲ್ಲಿಗೆ ಸಾಲು ಹಚ್ಚಿ. ಮಂದಿ ಎಷ್ಟು, ನೀರು ಎಲ್ಲಿಂದ ಎಂದು ಅವರ ಶೆಡ್ಡಿನ ಬಗ್ಗೆ ಒಬ್ಬರಾದರೂ ಕೇಳಿದ್ದರೆ ಹೀಗಿರುತ್ತಿರಲಿಲ್ಲ. ಈ ಸಿಟ್ಟು ನನಗೆ ಇಳಿಯುತ್ತಿಲ್ಲ.

ನಿನ್ನೆ ವಿಡಿಯೋ ತೋರಿಸಲು ಸೈಟಿಗೆ ಹೋಗಿದ್ದೆ. ಆತ ಹಬ್ಬಕ್ಕೆ ಊರಿಗೆ ಹೊರಟಿದ್ದ, ಚೀಲ ಕಟ್ಟಿಯಾಗಿತ್ತು. ಕೈ ಒರೆಸಿಕೊಂಡು ಫೋನು ಹಿಡಿದ, ಕೋಶ ಹೊತ್ತ ಇರುವೆ ನೀರಿನ ಖೋಲಿ ದಾಟಿ ಹೋಗುವುದನ್ನು ಮತ್ತೆ ಹಾಕಿಸಿ ನೋಡಿದ. "ಮಂದಿ ಹೆಚ್ಚಾದ್ರ ಇದನ್ನ ಒಡೀಬ್ಯಾಡ್ರಿ ಅಕ್ಕಾರ. ಬಾಜೂಕ ಇನ್ನೊಂದು ಕೂಡಿಸಿ, ಪೈಪ್ ಹಾಕ್ರಿ." ಇನ್ನೊಂದು ತುಂಡು ಆಗಲೇ ತೆಗೆದಿಟ್ಟಿದ್ದ. ಒಂದು ಮಗ್ಗಲು ಗರಗಸದಿಂದ ಸಾಪ್ ಮಾಡಿತ್ತು, ಮೊದಲನೆಯದಕ್ಕೆ ಸರಿಯಾಗಿ ಕೂರುವ ಹಾಗೆ.