ದೇವರಾಯನದುರ್ಗದಲ್ಲಿ ಜರಿ ಹೊಟ್ಟೆಯ ಇರುವೆ

ದೇವರಾಯನದುರ್ಗಕ್ಕೆ ಹೋಗಿದ್ದು ಯೋಗಾನರಸಿಂಹನ ದರ್ಶನಕ್ಕೆ. ದರ್ಶನ ಹತ್ತು ನಿಮಿಷದಲ್ಲಿ ಮುಗಿಯಿತು. ಇರುವೆ ನೋಡುತ್ತಾ ಕೂತಿದ್ದು ಎರಡು ಗಂಟೆ.

ಬೆಳಿಗ್ಗೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದೆವು. ಇಡ್ಲಿ ಹತ್ತಿಯಂತಿತ್ತು, ಚಟ್ನಿ ಬರೀ ನೀರು. ನಾಮದ ಚಿಲುಮೆಯಲ್ಲಿ ಬಂಡೆಯಿಂದ ಬರುವ ನೀರು ನೋಡಿ, ಜಿಂಕೆಗಳಿಗೆ ಚಿಪ್ಸ್ ಎಸೆಯುವವರನ್ನು ಮನಸ್ಸಲ್ಲೇ ಬೈದುಕೊಂಡು ಬೆಟ್ಟ ಹತ್ತಿದೆವು.

ಜೊತೆಗಿದ್ದವಳು ಅಕ್ಕನ ಮಗಳು. ಕೀಟಗಳ ಬಗ್ಗೆ ಎಂಎಸ್ಸಿ ಓದುತ್ತಿದ್ದಾಳೆ. ಮೆಟ್ಟಿಲ ಪಕ್ಕ ಸೌತೆಕಾಯಿ ಮಾರುವ ಅಜ್ಜಿಯ ಹತ್ತಿರ ಸುಮ್ನೆ ಕೂತಾಗ ಪ್ರಸಾದದ ಬಾಳೆಹಣ್ಣಿನ ಚೂರು ಬಂಡೆ ಮೇಲೆ ಬಿತ್ತು. ಸ್ವಲ್ಪ ಹೊತ್ತಿಗೆ ಕಪ್ಪು ಗೊದ್ದಗಳು ಸಾಲುಗಟ್ಟಿ ಬಂದವು. ಆಮೇಲೆ ಅದಕ್ಕಿಂತ ಚಿಕ್ಕದೊಂದು ಬಂತು. ಹೊಟ್ಟೆ ಮೇಲೆ ಜರಿ ಹಚ್ಚಿದಂಥ ಚಿನ್ನದ ಬಣ್ಣ. ರುಚಿ ನೋಡಿ ವಾಪಸ್ ಹೋಯಿತು. ಮತ್ತೆ ಬರುವಾಗ ಸಾಲು ಇಲ್ಲ, ಜೊತೆಗೆ ಒಂದೇ ಒಂದು ಇರುವೆ. ಹಿಂದಿನದು ಮುಂದಿನದರ ಬೆನ್ನನ್ನು ಮೀಸೆಯಿಂದ ತಟ್ಟುತ್ತಾ ಬರುತ್ತಿತ್ತು. ತಟ್ಟುವುದು ನಿಂತರೆ ಮುಂದಿನದೂ ನಿಲ್ಲುತ್ತಿತ್ತು.

"ಎರಡೂ ಕ್ಯಾಂಪೊನೋಟಸ್ ಮಾಮ. ಗೊದ್ದ ಕಂಪ್ರೆಸಸ್, ಜರಿಯದು ಸೆರಿಸಿಯಸ್. ಕುಲ ಒಂದೇ, ಜಾತಿ ಬೇರೆ."

"ಮೊದಲು ಒಂದೇ ಇದ್ದವಾ?"

"ಬಹಳ ಹಿಂದೆ ಎರಡಕ್ಕೂ ಒಬ್ಬಳೇ ಮುತ್ತಜ್ಜಿ." ನಡುವೆ ನದಿಯೋ ಬೆಟ್ಟವೋ ಬಂದರೆ ಗುಂಪು ಎರಡಾಗುತ್ತದಂತೆ. ಹಾರುವ ಹೊತ್ತು ಬೇರೆಯಾದರೂ ಸಾಕು. ರಾಣಿಗಳೂ ಗಂಡುಗಳೂ ಹಾರಿ ಕೂಡುವುದು ವರ್ಷದಲ್ಲಿ ಕೆಲವೇ ದಿನ. ಒಂದು ಗುಂಪು ಬೆಳಿಗ್ಗೆ, ಇನ್ನೊಂದು ಸಂಜೆ ಹಾರಿದರೆ ಮುಹೂರ್ತವೇ ಕೂಡುವುದಿಲ್ಲ, ಅಲ್ವಾ?

"ಈಸಲು ಹುಳದಂಗಾ?" ಅಜ್ಜಿ ಕೇಳಿದರು.

"ಅದು ಗೆದ್ದಲು ಅಜ್ಜಿ, ಇರುವೆ ಅಲ್ಲ. ಹಾರೋದು ಮಾತ್ರ ಹಂಗೇ."

ನಾನು ಬಿಡಲಿಲ್ಲ. ಒಂದೇ ಗೂಡಲ್ಲಿದ್ದುಕೊಂಡೇ ಬೇರೆ ಆಗೋಕೆ ಆಗಲ್ವಾ ಅಂದೆ. ಅವಳ ಮುಖ ಅರಳಿತು.

ಬ್ರೆಜಿಲ್‌ನಲ್ಲಿ ಮೈಕೋಸೆಪ್ಯೂರಸ್ ಗೋಲ್ಡಿ ಅಂತ ಒಂದು ಇರುವೆ. ಗೂಡಿನೊಳಗೆ ಅಣಬೆ ಬೇಸಾಯ ಮಾಡುತ್ತದೆ. ಅದೇ ಗೂಡಲ್ಲಿ ಅದರದೇ ವಂಶದಿಂದ ಒಡೆದ ಕ್ಯಾಸ್ಟ್ರೇಟರ್ ಅನ್ನುವ ಪುಟ್ಟ ಇರುವೆಯೂ ಇದೆ. ಅದಕ್ಕೆ ಕೆಲಸದ ಇರುವೆಗಳೇ ಇಲ್ಲ. ರಾಣಿ ಮೊಟ್ಟೆ ಇಡುತ್ತಾಳೆ, ಸಾಕುವುದು ಮನೆಯವರು, ಅಂದರೆ ಗೋಲ್ಡಿಗಳು. ಮನೆಯವರಿಗೆ ಮಾತ್ರ ರೆಕ್ಕೆಯ ಮಕ್ಕಳು, ಅಂದರೆ ಮುಂದಿನ ರಾಣಿಗಳೂ ಗಂಡುಗಳೂ, ಹುಟ್ಟುವುದು ನಿಂತುಹೋಗುತ್ತದೆ. ಗೋಲ್ಡಿ ಹೊರಗೆ ಹಾರಿ ಕೂಡಿದರೆ ಇದು ಗೂಡಿನೊಳಗೇ ಕೂಡುತ್ತದೆ. ಹಾಗಾಗಿ ಬೆರಕೆ ಇಲ್ಲ. ಜೀನ್ ಲೆಕ್ಕ ಹಾಕಿದವರು 2014ರಲ್ಲಿ ಹೇಳಿದ ಪ್ರಕಾರ ಇವೆರಡೂ ಬೇರೆಯಾಗಿ ಸುಮಾರು 37,000 ವರ್ಷ. ಇರುವೆಗಳ ಲೆಕ್ಕದಲ್ಲಿ ಅದು ಮೊನ್ನೆ ಮೊನ್ನೆ.

ಅಜ್ಜಿಯ ಚಾಕು ನಿಂತಿತ್ತು. "ಅಣ್ಣನ ಮನೇಲೇ ಉಂಡ್ಕಂಡು ಅಣ್ಣನ ವಂಶನೇ ನಿಲ್ಸದಾ? ಒಲೆ ಬೇರೆ ಮಾಡ್ಕಂಡು ಹೋಗದೇ ವಾಸಿ ಕಣವ್ವ." ಸೌತೆಕಾಯಿ ಸೀಳಿ ಉಪ್ಪು ಖಾರ ಸವರಿದರು. "ನಮ್ಮನೇಲಿ ಮೂರು ಒಲೆ."

ಇನ್ನೇನು ಕೇಳೋಣ ಅನ್ನುವಷ್ಟರಲ್ಲಿ ಕೋತಿಯೊಂದು ನನ್ನ ಕವರ್ ಕಿತ್ತುಕೊಂಡು ಓಡಿತು. ಪ್ರಸಾದ ಹೋಗಲಿ, ಕನ್ನಡಕವೂ ಅದರಲ್ಲೇ ಇತ್ತು. ಅಲ್ಲಿಗೆ ಹೋಗುವವರು ಪ್ಲಾಸ್ಟಿಕ್ ಕವರ್ ಕೈಯಲ್ಲಿ ಹಿಡಿಯಲೇಬೇಡಿ, ಜಿಪ್ ಇರುವ ಬ್ಯಾಗೇ ಒಯ್ಯಿರಿ. ಕೋತಿ ಹಿಂದೆ ಅಲೆದು ಬಸ್ಸೂ ತಪ್ಪಿತು. ತುಮಕೂರಿಗೆ ಆಟೋದವನು ಆರುನೂರು ಕೇಳಿದ, ಕೊಟ್ಟೆ.

ಅರ್ಧ ದಾರಿಯಲ್ಲಿ ಕುತ್ತಿಗೆ ಹತ್ತಿರ ಚುರ್ ಅಂತು. ಕೈ ಎತ್ತಿದೆ.

"ತಡಿ ಮಾಮ, ಹೊಡೀಬೇಡ! ಹೊಟ್ಟೆ ಯಾವ ಬಣ್ಣ ನೋಡ್ತೀನಿ."